ಮಟ್ಟದ ಕಲ್ಲು

ಹೆಡ್‌ಲೈಟು ಇರುವುದು ಕಾರಿನಲ್ಲಿ ಕೂತವನಿಗೆ ರಸ್ತೆ ಕಾಣಲಿಕ್ಕೆ ಎಂದು ಯಾರಾದರೂ ಬಾಯಿಬಿಟ್ಟರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. "ಅರ್ಧ ನಿನಗೆ, ಇನ್ನರ್ಧ ಎದುರಿಗೆ ಬರೋನಿಗೆ ಕಣಪ್ಪಾ. ನೀನು ಬರ್ತಿರೋದು ಅವನಿಗೆ ಕಾಣಬೇಕು, ಆದ್ರೆ ಅವನ ಕಣ್ಣು ಕುಕ್ಕಬಾರದು. ಮೂರು ಬೆರಳು ತಗ್ಗಿಸ್ಕೋ, ಇಬ್ಬರೂ ಮನೆ ಸೇರ್ತೀರ" ಎಂದು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದಳು. ಹಾಗೆ ಹೇಳಿ ಹೇಳಿಯೇ ಟ್ಯಾಕ್ಸಿ ಸ್ಟ್ಯಾಂಡಿನವರು ಅವಳಿಗೆ ಮೂರುಬೆರಳಕ್ಕ ಎಂದು ಹೆಸರಿಟ್ಟಿದ್ದರು. ಆ ಹೆಸರಿನ ಮೇಲೆ ಅವಳಿಗೆ ಒಳಗೊಳಗೇ ಬಲು ಪ್ರೀತಿ.

ಅವಳ ಕಸುಬು ಕಾರಿನ ದೀಪದ ಮಟ್ಟ ಸರಿಮಾಡಿ ಚೀಟಿ ಕೊಡುವುದು. ವರ್ಷಕ್ಕೊಮ್ಮೆ ವಾಹನ ತಪಾಸಣೆ ಕಚೇರಿಗೆ ಹೋಗುವ ಪ್ರತಿ ಕಾರಿಗೂ ಆ ಚೀಟಿ ಬೇಕು, ಜೊತೆಗೆ ಮುಂದಿನ ಗಾಜಿನ ಮೂಲೆಯಲ್ಲಿ ಅಂಗೈಯಗಲದ ಹಳದಿ ಸ್ಟಿಕ್ಕರ್ ಬೇಕು. ಊರಿನಲ್ಲಿ ಅದಕ್ಕೆ ಪರವಾನಗಿ ಇದ್ದದ್ದು ಇಬ್ಬರಿಗೆ ಮಾತ್ರ. ಊರಾಚೆ ಮೆಷಿನ್ ಇಟ್ಟುಕೊಂಡ ಒಬ್ಬ. ಇನ್ನೊಬ್ಬರು ಅಕ್ಕನ ಗಂಡ, ಎಲ್ಲರೂ ಲೈಟ್ ಮೇಷ್ಟ್ರು ಎನ್ನುತ್ತಿದ್ದವರು. ಮೇಷ್ಟ್ರು ತೀರಿಕೊಂಡು ಐದು ವರ್ಷವಾದರೂ ಸ್ಟಿಕ್ಕರಿನ ಮೇಲೆ ಅವರ ಹೆಸರೇ ಅಚ್ಚಾಗುತ್ತಿತ್ತು. ನನ್ನ ಹೆಸರಿಗೆ ಮಾಡಿಕೊಡಿ ಸ್ವಾಮಿ ಎಂದು ಅಕ್ಕ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿದ್ದಳು. ಕೊನೆಗೂ ಕಡತ ಅಲುಗಿತು. ಶುಕ್ರವಾರ ಇನ್‌ಸ್ಪೆಕ್ಟರು ಬಂದು ಶೆಡ್ ನೋಡಿ, ಅವಳದೇ ಹೆಸರಿನ ಪರವಾನಗಿ ಕೊಟ್ಟು ಹೋಗುವುದು ಎಂದು ಗೊತ್ತಾಯಿತು. ಐವತ್ತೊಂದು ವರ್ಷದ ಬದುಕಿನಲ್ಲಿ ಅವಳ ಹೆಸರು ರೇಷನ್ ಕಾರ್ಡು, ಮದುವೆ ಕಾಗದ ಬಿಟ್ಟು ಬೇರೆಲ್ಲೂ ಅಚ್ಚಾಗಿರಲಿಲ್ಲ. ಇದೊಂದು ಆಗಿಬಿಟ್ಟರೆ ಸಾಕು ಎಂದು ದಿನ ಎಣಿಸುತ್ತಿದ್ದಳು.

ಕೆಲಸದ ರೀತಿ ಹಳೆಯದು. ಕಾರನ್ನು ಗೋಡೆಗೆ ಹದಿನಾರು ಅಡಿ ದೂರದಲ್ಲಿ, ನೆಲದ ಪಟ್ಟೆಗಳ ಮೇಲೆ ನಿಲ್ಲಿಸಬೇಕು. ಟಾರ್ಪಾಲು ಇಳಿಬಿಟ್ಟು ಕತ್ತಲೆ ಮಾಡಬೇಕು. ತೇಗದ ಅಳತೆಕೋಲನ್ನು ದೀಪದ ಪಕ್ಕ ನೆಲಕ್ಕೆ ಊರಿ, ಅದರ ಹಿತ್ತಾಳೆ ಬಿಲ್ಲೆಯನ್ನು ದೀಪದ ನಟ್ಟನಡುವಿಗೆ ಸರಿಸಿ ಬಿಗಿ ಮಾಡಬೇಕು. ಅದೇ ಕೋಲನ್ನು ಗೋಡೆಯ ಬುಡದಲ್ಲಿ ನಿಲ್ಲಿಸಿ, ಬಿಲ್ಲೆ ಬಂದ ಕಡೆ ಸೀಮೆಸುಣ್ಣದ ಒಂದು ಗೆರೆ, ಅದಕ್ಕಿಂತ ಮೂರು ಬೆರಳು ಕೆಳಗೆ ಇನ್ನೊಂದು ಗೆರೆ. ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಬಂದು ಕೂರುವ ತನಕ ದೀಪದ ಹಿಂದಿನ ಸ್ಕ್ರೂ ತಿರುಗಿಸಬೇಕು. ಒಂದೇ ತೊಡಕು. ತೊಳೆದ ನೀರು ಹರಿದುಹೋಗಲಿ ಎಂದು ಶೆಡ್ಡಿನ ನೆಲವನ್ನು ಗೋಡೆಯ ಕಡೆಗೆ ಇಳಿಜಾರು ಮಾಡಿದ್ದರು. ಗೋಡೆಯ ಬಳಿ ನೆಲವೇ ತಗ್ಗಾದರೆ ಕೋಲೂ ತಗ್ಗಾಗುತ್ತದಲ್ಲ? ಅದಕ್ಕೇ ಅಲ್ಲಿ ಒಂದು ಕಲ್ಲು ಕೂರಿಸಿ, ಕಲ್ಲಿನ ನೆತ್ತಿಯನ್ನು ಕಾರು ನಿಲ್ಲುವ ನೆಲದ ಮಟ್ಟಕ್ಕೆ ತಂದಿದ್ದರು. ಕೋಲು ನಿಲ್ಲಬೇಕಾದ್ದು ಆ ಮಟ್ಟದ ಕಲ್ಲಿನ ಮೇಲೆ. ಹನ್ನೆರಡು ವರ್ಷದಿಂದ ಅಕ್ಕ ಅದರ ಮೇಲೆಯೇ ಕೋಲು ನಿಲ್ಲಿಸುತ್ತ ಬಂದಿದ್ದಳು.

ಶೆಡ್ಡಿನ ಮುಂಭಾಗದಲ್ಲಿ ಅವಳ ಮೈದುನನ ಅಂಗಡಿ. ಮೇಷ್ಟ್ರಿಗೆ ಒಬ್ಬನೇ ತಮ್ಮ. ಕಾರಿಗೆ ಹಾಕುವ ಬಗೆಬಗೆಯ ಬಿಳಿ ಲೈಟು ಮಾರುತ್ತಿದ್ದುದರಿಂದ ಜನ ಅವನನ್ನು ಮಿಣುಕ ಎನ್ನುತ್ತಿದ್ದರು. ಕಾರಿನ ಜೊತೆ ಬಂದ ಹಳದಿ ಬಲ್ಬು ಕಿತ್ತು ಅದೇ ಗೂಡಿಗೆ ಬಿಳಿ ಬಲ್ಬು ತುರುಕುವುದು, ಇಲ್ಲವೇ ಇಡೀ ಲೈಟನ್ನೇ ಬಿಚ್ಚಿ ಹೆಸರು ದೆಸೆ ಇಲ್ಲದ ಹೊಸದೊಂದನ್ನು ಕೂರಿಸುವುದು, ಇದು ಅವನ ವ್ಯಾಪಾರ. ಮೊದಲ ವಾರ ಗಿರಾಕಿ ಕುಣಿದಾಡುತ್ತಾನೆ. ಎರಡನೇ ತಿಂಗಳು ಗಾಜಿನೊಳಗೆ ನೀರಿನ ಹನಿ. ಮೂರನೇ ತಿಂಗಳು ಒಂದು ಕಣ್ಣು ಮಿಟುಕಲು ಶುರು. ಆಮೇಲೊಂದು ದಿನ ವೈರು ಸುಟ್ಟ ವಾಸನೆ ಹಿಡಿದುಕೊಂಡು ಬಂದು ಅಂಗಡಿ ಮುಂದೆ ಬಾಯಿ ಮಾಡುತ್ತಾನೆ.

"ಆ ಗೂಡು ಮಾಡಿದ್ದು ಹಳದಿ ಬಲ್ಬಿಗೆ ಕಣೋ. ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಓಡು ಅಂದ್ರೆ ಎಡವದೆ ಇರುತ್ತಾ?" ಎಂದು ಅಕ್ಕ ಬೈಯುವಳು.

"ಏನ್ಮಾಡ್ಲಿ ಅತ್ತಿಗೆ? ಜನಕ್ಕೆ ಕತ್ತಲಲ್ಲೂ ಹಗಲು ಬೇಕು. ನಾನು ಹಗಲು ಮಾರ್ತೀನಿ."

"ಹಗಲು ದರೋಡೆ ಅನ್ನು."

ಅವನು ಹಲ್ಲು ಕಿರಿಯುವನು. ಹಾಗೆ ಬೈದರೂ ಆ ಕಾರುಗಳಿಗೆ ಅಕ್ಕ ಚೀಟಿ ಕೊಡುತ್ತಿದ್ದಳು. ಬಲ್ಬು ಎಂಥದೇ ಇರಲಿ, ಮಟ್ಟ ಸರಿ ಇದ್ದರೆ ಅದು ಯಾರ ಕಣ್ಣಿಗೂ ಹೊಡೆಯುವುದಿಲ್ಲ ಎಂಬುದು ಅವಳ ಸಿದ್ಧಾಂತ. ಬೆಳಕಿನ ಅಂಚು ಕೆದರಿದ್ದರೆ ಇನ್ನರ್ಧ ಬೆರಳು ಇಳಿಸಿ, ಸ್ಟಿಕ್ಕರ್ ಅಂಟಿಸಿ ಕಳಿಸುತ್ತಿದ್ದಳು. ಊರಿನ ಆ ತುದಿಯಿಂದಲೂ ಜನ ಮೆಷಿನ್ನಿನವನನ್ನು ಬಿಟ್ಟು ತನ್ನ ಹತ್ತಿರ ಬರುವುದು ತನ್ನ ಕೈಯ ಸತ್ಯಕ್ಕೆ ಎಂದು ಅವಳು ನಂಬಿದ್ದಳು. ಪಾಪ, ನಂಬದೆ ಏನು ಮಾಡಿಯಾಳು? ಎಲ್ಲರೂ ಎದುರಿಗೆ ಹಾಗೇ ಹೇಳುತ್ತಿದ್ದರು.

ಬುಧವಾರ ಬೆಳಿಗ್ಗೆ ಅವಳು ಟಾರ್ಪಾಲು ಮೇಲೆತ್ತುತ್ತಿದ್ದಾಗ ಮುಂಜಾನೆಯ ಮೊದಲ ಬಸ್ಸಿನ ಡ್ರೈವರು ಬಂದು ನಿಂತ. ದಿನಾ ಆರು ಗಂಟೆಗೆ ಬಸ್ಸಿನಿಂದಲೇ ಕೈ ಎತ್ತಿ ಹೋಗುವವನು. ಅವತ್ತು ಮೈಮೇಲೆ ಯೂನಿಫಾರಂ ಇರಲಿಲ್ಲ.

"ಏನಣ್ಣಾ, ರಜೆನಾ?"

"ರಜೆ ಅಲ್ಲಕ್ಕಾ, ಕೂರಿಸಿದ್ದಾರೆ. ವಿಚಾರಣೆ ಮುಗಿಯೋ ತನಕ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ." ಅವನು ಬೆಂಚಿನ ಮೇಲೆ ಕೂತ. "ಹೋದ ವಾರ ಮಂಜು ಬಿದ್ದಿತ್ತಲ್ಲ, ಅವತ್ತು ಸೇತುವೆ ಮೇಲೆ ಎದುರಿಗೆ ಒಂದು ಬಿಳಿ ಲೈಟಿನ ಕಾರು ಬಂತು. ಮುಖಕ್ಕೆ ಹೊಡೆದ ಹಾಗಾಯ್ತು. ಎರಡು ಸೆಕೆಂಡು ಏನಂದ್ರೆ ಏನೂ ಕಾಣಲಿಲ್ಲ. ಬಸ್ಸು ಕಟ್ಟೆಗೆ ಉಜ್ಜಿಬಿಡ್ತು. ಒಳಗಿದ್ದ ಒಬ್ಬ ಹೆಣ್ಣುಮಗಳ ಕೈ ಮುರೀತು."

"ಅಯ್ಯೋ! ಈ ಬಿಳಿ ಲೈಟಿನವರನ್ನ ಸಾಲಾಗಿ ನಿಲ್ಲಿಸಿ ಒದೀಬೇಕು."

"ಆ ಕಾರಿನ ಗಾಜಿನ ಮೇಲೆ ನಿಮ್ಮ ಸ್ಟಿಕ್ಕರ್ ಇತ್ತಕ್ಕಾ."

ಅಕ್ಕನ ಕೈಯಲ್ಲಿದ್ದ ಹಗ್ಗ ಜಾರಿ ಟಾರ್ಪಾಲು ದೊಪ್ಪೆಂದು ಬಿತ್ತು. ನಿನಗೆ ಕಣ್ಣು ಮಂಜಾಗಿರಬೇಕು, ಮೊದಲು ಡಾಕ್ಟರಿಗೆ ತೋರಿಸು ಎಂದಳು. ತೋರಿಸಿದ್ದೇನೆ ಎಂದು ಅವನು ಜೇಬಿನಿಂದ ಕಾಗದ ತೆಗೆದ. ಅವನ ಮಾತಿನಲ್ಲಿ ಜಗಳವಿರಲಿಲ್ಲ, ಅದೇ ಅವಳಿಗೆ ಇನ್ನೂ ಕಿರಿಕಿರಿ.

"ಅದೊಂದೇ ಕಾರಲ್ಲಕ್ಕಾ. ಆರು ತಿಂಗಳಿಂದ ನೋಡ್ತಾ ಇದ್ದೀನಿ. ಕಣ್ಣಿಗೆ ಹೊಡೆದ ಕಾರು ಪಕ್ಕಕ್ಕೆ ಬಂದಾಗ ನೋಡಿದ್ರೆ ಹಳದಿ ಸ್ಟಿಕ್ಕರ್. ಮೆಷಿನ್ನಿನವನ ಸ್ಟಿಕ್ಕರ್ ನೀಲಿ. ಅವನ ಕಡೆ ಕಾರುಗಳಿಂದ ಇಷ್ಟು ತೊಂದ್ರೆ ಇಲ್ಲ."

"ಅದು ಮಿಣುಕನ ಬಲ್ಬಿಂದ ಕಣಣ್ಣ. ನನ್ನ ಮಟ್ಟದಿಂದಲ್ಲ."

"ಮಟ್ಟ ಸರಿ ಇದ್ರೆ ಯಾವ ಬಲ್ಬೂ ಕಣ್ಣಿಗೆ ಹೊಡೆಯಲ್ಲ ಅಂತ ನೀವೇ ಹೇಳ್ತೀರಲ್ಲಕ್ಕಾ? ನಾನು ಕೂರೋದು ಬಸ್ಸಿನಲ್ಲಿ, ಅಷ್ಟು ಎತ್ತರದಲ್ಲಿ. ನನ್ನ ಕಣ್ಣಿಗೇ ಬರುತ್ತೆ ಅಂದ್ರೆ ಸೈಕಲ್ಲಿನೋನ ಗತಿ ಏನು ಹೇಳಿ."

ಅಕ್ಕ ಬಿದ್ದ ಹಗ್ಗ ಎತ್ತಿಕೊಂಡಳು. ಅವನು ಎದ್ದ. "ನಾಡಿದ್ದು ಇನ್‌ಸ್ಪೆಕ್ಟರ್ ಬರ್ತಾರಂತೆ. ಅವರ ಹತ್ರ ನಾನು ಹೋಗಲ್ಲ. ನೀವು ಎಂಥೋರು ಅಂತ ಗೊತ್ತು. ಒಂದ್ಸಲ ನೋಡಿ ಅಂತ ಹೇಳೋಕೆ ಬಂದೆ, ಅಷ್ಟೇ."

ಅವನು ಹೋದ ಮೇಲೆ ಅಕ್ಕ ಎರಡು ಕಾರು ಮುಗಿಸಿದಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಮಾತ್ರ ಸೇತುವೆಯ ಮೇಲೇ ಇತ್ತು. ಬಿಲ್ಲೆ ಸಡಿಲವಾಗಿದೆಯಾ ನೋಡಿದಳು, ಇಲ್ಲ. ಕೋಲು ಬಾಗಿದೆಯಾ ನೋಡಿದಳು, ಇಲ್ಲ. ಮಧ್ಯಾಹ್ನ ಎದುರಿನ ಕಟ್ಟಡದಲ್ಲಿ ಗಾರೆ ಕೆಲಸದವರು ಊಟಕ್ಕೆ ಕೂತಾಗ, ಅವರು ಮಟ್ಟ ನೋಡುವ ನೀರಿನ ಪೈಪು ಕೇಳಿ ತಂದಳು. ಅದರಲ್ಲಿ ಮೋಸವಿಲ್ಲ, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಯಾರ ಮುಲಾಜೂ ಇಲ್ಲ. ಒಂದು ತುದಿ ಹಿಡಿಯಲು ಮೇಸ್ತ್ರಿಯೇ ಬಂದ. ಕಾರು ನಿಲ್ಲುವ ಜಾಗದಲ್ಲಿ ಅವನು, ಗೋಡೆಯ ಬುಡದಲ್ಲಿ ಅವಳು.

"ಎಷ್ಟು ಬರ್ತಾ ಇದೆ ನೋಡಮ್ಮಾ. ಸಮ ಇದೆಯಾ?"

ಸಮ ಇರಲಿಲ್ಲ. ಕಲ್ಲಿನ ನೆತ್ತಿ ಮೇಲಿತ್ತು. ಅಕ್ಕ ಬೆರಳಿಟ್ಟು ನೋಡಿದಳು. ಒಂದು, ಎರಡು, ಮೂರು. ಪೈಪಿನಲ್ಲಿ ಗಾಳಿಗುಳ್ಳೆ ಇರಬೇಕು ಎಂದು ಬಗ್ಗಿಸಿ ಎತ್ತಿ ಮತ್ತೆ ಹಿಡಿದಳು. ಜಾಗ ಬದಲಾಯಿಸಿ ಮತ್ತೊಂದು ಸಲ ನೋಡಿದಳು. ಮೂರು ಸಲವೂ ಮೂರೇ ಬೆರಳು. ಅಂದರೆ ಅವಳು ಸೀಮೆಸುಣ್ಣ ಹಿಡಿದು ಶ್ರದ್ಧೆಯಿಂದ ತಗ್ಗಿಸುತ್ತಿದ್ದ ಮೂರು ಬೆರಳನ್ನು ಕಲ್ಲು ಕೆಳಗಿನಿಂದ ಎತ್ತಿ ಎತ್ತಿ ಕೊಡುತ್ತಿತ್ತು. ಅವಳು ಸ್ಟಿಕ್ಕರ್ ಅಂಟಿಸಿದ ಒಂದು ದೀಪವೂ ಬೇಕಾದಷ್ಟು ತಗ್ಗಿರಲಿಲ್ಲ, ಎಲ್ಲವೂ ನೆಟ್ಟಗೆ ಎದುರಿನವನ ಕಣ್ಣಿಗೇ ಹೊಡೆಯುತ್ತಿದ್ದವು.

ಹೋದ ವರ್ಷ ಗೋಡೆಯ ಬುಡದಲ್ಲಿ ನೆಲ ಬಿರುಕು ಬಿಟ್ಟಾಗ ಹೊಸ ಸಿಮೆಂಟು ಹಾಕಿಸಿದವನು ಮಿಣುಕ. ಅವಳಿಗೆ ಇನ್ನು ಬೇರೆ ಸಾಕ್ಷಿ ಬೇಕಾಗಲಿಲ್ಲ. ಇವಳು ತಿಂಗಳಿಗೆ ನಾಲ್ಕಾರು ಬಿಳಿ ಲೈಟನ್ನಾದರೂ ಅಂಚು ತೀರ ಕೆದರಿದೆ, ಆಗಲ್ಲ ಎಂದು ವಾಪಸು ಕಳಿಸುತ್ತಿದ್ದಳಲ್ಲ, ಆ ಹೊಟ್ಟೆಯುರಿಗೆ ಮಾಡಿದ್ದಾನೆ! ಪೈಪನ್ನು ಮೇಸ್ತ್ರಿಯ ಕೈಗೆ ಕೊಟ್ಟು ದಾಪುಗಾಲು ಹಾಕಿ ಅಂಗಡಿಗೆ ನುಗ್ಗಿದಳು. ನಾಲ್ಕೈದು ಟ್ಯಾಕ್ಸಿಯವರು ಟೀ ಕುಡಿಯುತ್ತ ಕೂತಿದ್ದರು. ಅವರ ಮುಂದೆಯೇ ಬಲ್ಬಿನ ಪೆಟ್ಟಿಗೆಗಳ ಸಾಲನ್ನು ಕೈಯಿಂದ ತಳ್ಳಿದಳು.

"ಉಂಡ ಮನೆಗೆ ಎರಡು ಬಗೀತೀಯೇನೋ? ನಿನ್ನನ್ನ ಮಗನ ಹಾಗೆ ನೋಡ್ಕೊಂಡೆನಲ್ಲೋ! ಕಲ್ಲು ಎತ್ತರಿಸಿದ್ಯಾ? ನನ್ನ ಕೈಯಲ್ಲೇ ಊರಿನವರ ಕಣ್ಣಿಗೆ ಮಣ್ಣೆರಚಿಸಿದ್ಯಾ?"

ಮಿಣುಕನ ಮುಖ ಬಿಳಿಚಿಕೊಂಡಿತು. "ಅತ್ತಿಗೆ, ಒಳಗೆ ಬನ್ನಿ. ಇಲ್ಲಿ ಬೇಡ."

"ಇಲ್ಲೇ ಆಗ್ಲಿ! ಎಲ್ಲರೂ ಕೇಳಲಿ."

"ನಾನಲ್ಲ ಅತ್ತಿಗೆ."

"ಹಾಗಾದ್ರೆ ಏನು, ಕಲ್ಲು ತಾನೇ ಬೆಳೀತಾ? ಗೊಬ್ಬರ ಹಾಕಿದ್ಯಾ?"

ಯಾರೂ ನಗಲಿಲ್ಲ. ಅವಳು ಏನು ಹೇಳಿದರೂ ನಗುವ ಜನ ಟೀ ಲೋಟದೊಳಗೆ ನೋಡುತ್ತ ಕೂತಿದ್ದರು. ಕೊನೆಗೆ ಅವರಲ್ಲಿ ಹಿರಿಯವನಾದ, ಮೇಷ್ಟ್ರ ಜೊತೆಯವನಾದ ಮುದುಕ ಡ್ರೈವರು ಗಂಟಲು ಸರಿಮಾಡಿಕೊಂಡ.

"ತಂಗೀ, ಅವನನ್ನ ಯಾಕೆ ಬೈತೀಯ? ಆ ಕಲ್ಲು ಮೇಷ್ಟ್ರದ್ದಲ್ವಾ?" ಅವಳ ಮುಖ ನೋಡಿ ಅವನ ದನಿ ಇಳಿಯಿತು. "ನಿನಗೆ ಗೊತ್ತಿಲ್ವಾ? ನಿನಗೂ ಗೊತ್ತಿದೆ ಅಂತಲೇ ನಾವೆಲ್ಲ..."

"ಏನು ಗೊತ್ತಿದೆ ಅಂತ?"

ಮುದುಕ ಎದ್ದು ಚಪ್ಪಲಿ ಹುಡುಕತೊಡಗಿದ. ಕಾಲಿನಲ್ಲೇ ಇದ್ದ ಚಪ್ಪಲಿ.

ಮಿಣುಕ ಅಂಗಡಿಯೊಳಗಿಂದ ಹಾರೆ ಮತ್ತು ಉಳಿ ತಂದ. ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಸುತ್ತ ತಾನೇ ಹಾಕಿಸಿದ್ದ ಸಿಮೆಂಟು ಒಡೆದ. ಅದರ ಕೆಳಗೆ ಹಳೆಯ ಸಿಮೆಂಟು, ಕಪ್ಪಗಾಗಿ ಗಟ್ಟಿಯಾಗಿ ಕೂತದ್ದು. ಹಾರೆ ಮೀಟಿದಾಗ ಕಲ್ಲು ಎರಡಾಗಿ ಬಿಟ್ಟುಕೊಂಡಿತು. ಒಡೆದದ್ದಲ್ಲ, ಇದ್ದದ್ದೇ ಎರಡು. ಮೇಲಿನದು ಮೂರು ಬೆರಳು ದಪ್ಪದ ಚಪ್ಪಡಿ. ಕೆಳಗಿನದು ಕಚೇರಿಯವರು ಮೊಟ್ಟಮೊದಲು ಅಳೆದು ಕೊಟ್ಟ ಕಲ್ಲು. ಅದರ ನೆತ್ತಿಯ ಮೇಲೆ ಅವರು ಕೆತ್ತಿದ ಬಾಣದ ಗುರುತು ಉಳಿ ಬಿದ್ದ ದಿನದಷ್ಟೇ ಹೊಸದಾಗಿತ್ತು.

"ಅಣ್ಣ ಇಟ್ಟಿದ್ದು" ಎಂದ ಮಿಣುಕ. "ಸಿಮೆಂಟು ಕಲಸಿ ಕೊಟ್ಟೋನು ನಾನು. ಹನ್ನೆರಡು ವರ್ಷ ಆಯ್ತು."

"ಯಾಕೆ?"

"ಗಿರಾಕಿಗಳು ಮೆಷಿನ್ನಿನವನ ಕಡೆ ಹೋಗ್ತಾ ಇದ್ರು ಅತ್ತಿಗೆ. ಇಬ್ಬರ ಮಟ್ಟವೂ ಒಂದೇ ಆದ್ರೆ ನಮ್ಮ ಹತ್ರ ಯಾಕೆ ಬರ್ತಾರೆ? ಬೆಳಕು ದೂರ ಹೋಗಬೇಕು, ಚೀಟಿನೂ ಸಿಗಬೇಕು ಅಂತ ಎಲ್ಲರಿಗೂ ಆಸೆ. ಅಣ್ಣ ಅದಕ್ಕೊಂದು ದಾರಿ ಮಾಡಿದ. ಆಗೆಲ್ಲ ಹಳದಿ ಬಲ್ಬು, ಮಂಕು ಬೆಳಕು. ಯಾರಿಗೂ ಅಷ್ಟೊಂದು ತೊಂದ್ರೆ ಆಗ್ತಿರಲಿಲ್ಲ."

"ಆಮೇಲೆ ಅದೇ ಕಲ್ಲಿನ ಮೇಲೆ ನೀನು ಬಿಳಿ ಬಲ್ಬು ಮಾರಿದೆ."

ಈ ಹನ್ನೆರಡು ವರ್ಷ ಎಂಬ ಮಾತು ಅಕ್ಕನೊಳಗೆ ಎಲ್ಲೋ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಹನ್ನೆರಡು ವರ್ಷ ಎಂದರೆ ಅವಳು ಕೋಲು ಹಿಡಿದ ವರ್ಷ.

"ಯಾವಾಗ ಇಟ್ರು? ನಾನು ಕೆಲಸಕ್ಕೆ ಬರೋಕೆ ಮುಂಚೇನಾ, ಆಮೇಲಾ?"

"ಹಿಂದಿನ ಭಾನುವಾರ. ನೀವು ಸೋಮವಾರ ಬಂದ್ರಿ." ಮಿಣುಕ ಹಾರೆಯನ್ನು ನೆಲಕ್ಕಿಟ್ಟ. "ನಾನು ಕೇಳಿದೆ ಅತ್ತಿಗೆ. ಕಚೇರಿಯೋರು ಬಂದು ಎದುರಿಗೆ ನಿಲ್ಲಿಸಿ ಕೇಳಿದ್ರೆ ನಿನ್ನ ಮುಖದಲ್ಲೇ ಗೊತ್ತಾಗಿಬಿಡುತ್ತಲ್ಲಾ ಅಣ್ಣ ಅಂತ. ಅದಕ್ಕೆ ಅಣ್ಣ ಹೇಳಿದ, ನಾನು ಹಿಡಿಯಲ್ಲ ಕಣೋ, ಸುಳ್ಳು ಹೇಳೋಕೆ ಬರದೇ ಇರೋರ ಕೈಯಲ್ಲಿ ಕೋಲು ಕೊಡ್ತೀನಿ ಅಂತ."

ಅಕ್ಕ ಬೆಂಚಿನ ಮೇಲೆ ಕೂತುಬಿಟ್ಟಳು. ಟ್ಯಾಕ್ಸಿಯವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು. ಮೂರುಬೆರಳಕ್ಕ! ಆ ಹೆಸರು ಕರೆಯುವಾಗಲೆಲ್ಲ ಅವರ ತುಟಿಯ ಅಂಚಿನಲ್ಲಿ ಇರುತ್ತಿದ್ದ ನಗೆಯನ್ನು ಅವಳು ಅಭಿಮಾನ ಎಂದುಕೊಂಡಿದ್ದಳು. ಮೇಲಿನಿಂದ ಮೂರು ಇಳಿಸುತ್ತಾಳೆ, ಕೆಳಗಿನಿಂದ ಮೂರು ಏರಿಸುತ್ತಾಳೆ, ಎಂಥ ಪಾಕಡಾ ಹೆಂಗಸು ಎಂದು ಅವರು ನಗುತ್ತಿದ್ದರು. ಊರಿಗೆಲ್ಲ ಗೊತ್ತಿದ್ದದ್ದು ಅವಳೊಬ್ಬಳಿಗೆ ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಅವಳ ಬಾಳಿನಲ್ಲಿ ಅದು ಬರೀ ಗಾದೆಯಾಗಿ ಉಳಿಯಲಿಲ್ಲ.

"ಅವರು ಹೋದ ಮೇಲಾದ್ರೂ ಹೇಳಬಹುದಿತ್ತಲ್ಲೋ, ಪಾಪಿ."

"ಹೇಗೆ ಹೇಳ್ಲಿ ಅತ್ತಿಗೆ? ನೀವು ದಿನಾ ಸಂಜೆ ಆ ಕೋಲಿಗೆ ಎಣ್ಣೆ ಒರೆಸಿ ಇಡ್ತಿದ್ರಿ."

ಮನೆಗೆ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ನೀರಿಟ್ಟು, ನೀರು ಕುದಿದು ಆರುವ ತನಕ ಸುಮ್ಮನೆ ನಿಂತಿದ್ದಳು. ಆ ಸೋಮವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಮೂವತ್ತೊಂಬತ್ತು ವರ್ಷದವಳು ಆಗ. ಮಗಳು ಸ್ಕೂಲಿಗೆ ಹೋದ ಮೇಲೆ ದಿನವೆಲ್ಲ ಗೋಡೆ ನೋಡುವವಳು. ಮೇಷ್ಟ್ರು ಕೋಲನ್ನು ಅವಳ ಕೈಗೆ ಕೊಟ್ಟು, "ನಿನ್ನಷ್ಟು ನಿಯತ್ತಿನ ಕೈ ನನ್ನದಲ್ಲ, ಇನ್ಮೇಲೆ ಅಳತೆ ನಿನ್ನದೇ" ಎಂದಿದ್ದರು. ಅವಳಿಗೆ ಅಪ್ಪ ಒಂದು ಒಳ್ಳೆಯ ಮಾತಾಡಿದವನಲ್ಲ, ಅತ್ತೆಯಂತೂ ಕೇಳುವುದೇ ಬೇಡ. ಇಡೀ ಜನ್ಮದಲ್ಲಿ ಅವಳಿಗೆ ಸಿಕ್ಕ ಒಂದೇ ಮರ್ಯಾದೆಯ ಮಾತು ಅದು. ಮೇಷ್ಟ್ರು ಹೋದಾಗ ಅವಳು ಎದೆಗವಚಿಕೊಂಡು ಉಳಿದದ್ದು ಆ ಮಾತನ್ನೇ. ಆ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ ಎಂಬುದು ಈಗ ಇನ್ನೂ ಉರಿಯುತ್ತಿತ್ತು.

ಕಳ್ಳ ಗಂಡ, ಕುಡುಕ ಗಂಡ, ಇನ್ನೊಬ್ಬಳನ್ನು ಇಟ್ಟುಕೊಂಡ ಗಂಡ ಎಲ್ಲರಿಗೂ ಬೈಗುಳವಿದೆ. ಇದಕ್ಕೇನೆಂದು ಬೈಯುವುದು? ಬೈದರೂ ಕೇಳುವುದಕ್ಕೆ ಯಾರಿದ್ದಾರೆ? ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಎದುರಿಗಾಗಲಿ, ಹಿಂದಾಗಲಿ, ಸತ್ತ ಮೇಲಾಗಲಿ ಅವಳು ಗಂಡನನ್ನು 'ಅವರು' ಎಂದೇ ಕರೆದವಳು. ಅವತ್ತು ಖಾಲಿ ಅಡುಗೆಮನೆಯಲ್ಲಿ ನಿಂತು, "ಯಾಕೋ ಹೀಗೆ ಮಾಡ್ದೆ? ಕೇಳಿದ್ರೆ ನಾನು ಬೇಡ ಅಂತಿದ್ದೆ ಅಂತ ತಾನೆ ಕೇಳಲಿಲ್ಲ? ಪಾಪಿ, ನಂಬಿಸಿ ಕತ್ತು ಕೊಯ್ದೆಯಲ್ಲೋ" ಎಂದು ಜೋರಾಗಿಯೇ ಕೇಳಿದಳು. ಕೇಳಿದ ಮೇಲೆ ಅಳು ಬಂತು. ಅತ್ತು ಮುಗಿಸಿ ಮುಖ ತೊಳೆದುಕೊಂಡಳು.

ಮರುದಿನ ಮಿಣುಕ ಮನೆ ಬಾಗಿಲಿಗೇ ಬಂದ. ಕಣ್ಣು ನೋಡಿದರೆ ಅವನೂ ನಿದ್ದೆ ಮಾಡಿದಂತಿರಲಿಲ್ಲ.

"ಅತ್ತಿಗೆ, ಒಂದು ಮಾತು. ಚಪ್ಪಡಿ ಮತ್ತೆ ಕೂರಿಸಿ ಸಿಮೆಂಟು ಬಳೀತೀನಿ, ನೆಲ ಒಡೆದಿದ್ದು ಕಂಡ್ರೆ ಯಾಕೆ ಅಂತ ಕೇಳ್ತಾರೆ. ನಾಳೆ ಇನ್‌ಸ್ಪೆಕ್ಟರ್ ನೋಡೋದು ಕೋಲು, ಚೀಟಿ ಪುಸ್ತಕ, ಅಷ್ಟೇ. ಪರವಾನಗಿ ನಿಮ್ಮ ಹೆಸರಿಗೆ ಆಗಿಹೋಗ್ಲಿ. ಶನಿವಾರ ನಾನೇ ಕಿತ್ತು ಬಿಸಾಡ್ತೀನಿ. 'ಹಾವೂ ಸಾಯಬೇಕು, ಕೋಲೂ ಮುರೀಬಾರದು' ಅಲ್ವಾ?"

"ಬಸ್ ಡ್ರೈವರ್ ಏನಾಗ್ತಾನೆ?"

"ಅವನಿಗೆ ಹೇಗೋ ಆಗುತ್ತೆ. ಅಣ್ಣನ ಹೆಸರು ನೋಡಿ ಅತ್ತಿಗೆ. ಸತ್ತೋರ ಮೇಲೆ ಯಾಕೆ ಕೆಸರು?"

ಅಕ್ಕನಿಗೆ ಆಸೆಯಾಗಲಿಲ್ಲ ಎಂದರೆ ಅದು ಸುಳ್ಳು. ಒಂದು ದಿನದ ಮಾತು. ಶನಿವಾರದಿಂದ ಎಲ್ಲವೂ ಸರಿಯಾಗುತ್ತದೆ, ಬೋರ್ಡಿನ ಮೇಲೆ ತನ್ನ ಹೆಸರು, ಕಲ್ಲಿನ ಮೇಲೆ ಸರಿಯಾದ ಮಟ್ಟ. ಯಾರೂ ಕೇಳುವುದಿಲ್ಲ. ಆ ದಿನವೆಲ್ಲ ಅವಳು ಶೆಡ್ಡಿನಲ್ಲಿ ಬಾಣದ ಗುರುತಿನ ಕಲ್ಲಿನ ಎದುರು ಕೂತು ಲೆಕ್ಕ ಹಾಕಿದಳು. ಮಧ್ಯಾಹ್ನ ಒಬ್ಬ ಗಿರಾಕಿ ಬಂದ. ಹಳೆಯ ಕಲ್ಲಿನ ಮೇಲೆ ಕೋಲಿಟ್ಟು ಅವನ ಕಾರಿನ ದೀಪ ಸರಿಯಾದ ಮಟ್ಟಕ್ಕೆ ಇಳಿಸಿದಳು. ಅವನು ಗೋಡೆ ನೋಡಿ ಮೂಗು ಮುರಿದ. "ಏನಕ್ಕಾ ಇದು, ಬೆಳಕು ಕಾಲಬುಡಕ್ಕೆ ಬೀಳ್ತಾ ಇದೆ. ಇದಕ್ಕೆ ನಿಮ್ಮ ಹತ್ರ ಯಾಕೆ ಬರಬೇಕು?" ಎಂದು ಚೀಟಿಯನ್ನೂ ತೆಗೆದುಕೊಳ್ಳದೆ ಹೊರಟುಹೋದ.

ಶುಕ್ರವಾರ ಹನ್ನೊಂದಕ್ಕೆ ಇನ್‌ಸ್ಪೆಕ್ಟರು ಬಂದರು. ದಪ್ಪ ಕನ್ನಡಕದ, ಮೆತ್ತಗಿನ ಮನುಷ್ಯ. ಚೀಲದಿಂದ ಪರವಾನಗಿಯ ಕಾಗದ ತೆಗೆದು ಬೆಂಚಿನ ಮೇಲಿಟ್ಟರು. ದಪ್ಪ ಅಕ್ಷರದಲ್ಲಿ ಅವಳ ಹೆಸರು ಅಚ್ಚಾಗಿತ್ತು, ಒಂದೂ ತಪ್ಪಿಲ್ಲದೆ. ಅಕ್ಕ ಅದನ್ನು ಒಂದು ಸಲ ಓದಿಕೊಂಡಳು. ಆಮೇಲೆ ಅವರನ್ನು ಗೋಡೆಯ ಬುಡಕ್ಕೆ ಕರೆದುಕೊಂಡು ಹೋಗಿ, ಕಿತ್ತಿಟ್ಟಿದ್ದ ಚಪ್ಪಡಿ ತೋರಿಸಿ, ಮೊದಲಿನಿಂದ ಕೊನೆಯ ತನಕ ಹೇಳಿದಳು. ಬಸ್ಸಿನ ಡ್ರೈವರನ ವಿಚಾರಣೆಯಲ್ಲಿ ಇದನ್ನು ಬರೆದುಕೊಳ್ಳಬೇಕು, ತನ್ನ ಸ್ಟಿಕ್ಕರ್ ಇರುವ ಕಾರುಗಳನ್ನೆಲ್ಲ ಕಚೇರಿಯೇ ವಾಪಸು ಕರೆಸಬೇಕು ಎಂದಳು. ಅಂಗಡಿಯ ಬಾಗಿಲಲ್ಲಿ ಮಿಣುಕ ತಲೆ ಮೇಲೆ ಕೈ ಹೊತ್ತು ನಿಂತಿದ್ದ.

ಇನ್‌ಸ್ಪೆಕ್ಟರು ಬಗ್ಗಿ ಚಪ್ಪಡಿಯ ದಪ್ಪಕ್ಕೆ ಬೆರಳಿಟ್ಟು ನೋಡಿದರು. "ಯಾರೂ ಕೇಳಿರಲಿಲ್ಲವಲ್ಲಮ್ಮಾ."

"ಅದಕ್ಕೇ ಹೇಳಿದೆ ಸಾರ್."

"ನಿಮಗೆ ಗೊತ್ತಿರಲಿಲ್ಲ ಅಂತ ಬರೀಬೇಕಾ? ಹನ್ನೆರಡು ವರ್ಷ ಇದೇ ಕಲ್ಲಿನ ಮೇಲೆ ಕೋಲು ನಿಲ್ಲಿಸಿದ್ದೀರ. ಪ್ರತಿ ಚೀಟಿ ಮೇಲೂ ನಿಮ್ಮ ಸಹಿ ಇದೆ. ನಾನು ನಂಬ್ತೀನಿ ಅಂತಲೇ ಇಟ್ಕೊಳ್ಳಿ, ಕಚೇರಿಯಲ್ಲಿ ಯಾರು ನಂಬ್ತಾರೆ?"

"ನಂಬೋದು ಬೇಡ. ಬರ್ಕೊಳ್ಳಿ."

ಅವರು ನಿಟ್ಟುಸಿರು ಬಿಟ್ಟು ಬೆಂಚಿನ ಮೇಲೆ ಕೂತು ಬರೆದರು. ಬರೆದು ಮುಗಿಸಿ, ಅವಳ ಹೆಸರಿನ ಪರವಾನಗಿಯನ್ನು ಮಡಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡರು. ಅಷ್ಟಾದ ಮೇಲೆ ಸಮಾಧಾನ ಹೇಳುವವರಂತೆ ದನಿ ತಗ್ಗಿಸಿದರು.

"ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ಜೊತೆಗಿದ್ರೂ ನಿಮ್ಮ ಯಜಮಾನರಿಗೆ ನಿಮ್ಮ ಮೇಲೆ ನಂಬಿಕೆ ಇರಲಿಲ್ಲ ಅನ್ಸುತ್ತೆ. ಇದ್ದಿದ್ರೆ ಒಂದು ಮಾತು ಹೇಳ್ತಿದ್ರು."

"ಇಲ್ಲ ಸಾರ್" ಎಂದಳು ಅಕ್ಕ. "ಪೂರ್ತಿ ನಂಬಿಕೆ ಇತ್ತು. ಇವಳು ಸಾಯೋ ತನಕ ಕಲ್ಲಿನ ಕೆಳಗೆ ಬಗ್ಗಿ ನೋಡೋಳಲ್ಲ ಅಂತ."

ಇನ್‌ಸ್ಪೆಕ್ಟರು ಪೆನ್ನು ಮುಂದೆ ಚಾಚಿದರು. ಅಕ್ಕ ಹೇಳಿಕೆಯ ಕೆಳಗೆ ಸಹಿ ಹಾಕಿದಳು.